ಮೊದಲು ಕಟ್ಟಿದ ಮುಡಿ

ಈ ಕತೆಯನ್ನು ಮೊದಲು ಹೇಳಿದವರು ಹೂಡೆಯ ಜೋಕಿಮ್. 2006ರ ಏಪ್ರಿಲ್‌ನ ಒಂದು ಸಂಜೆ, ಹೊಳೆಬದಿಯಲ್ಲಿ ಬಲೆ ಸರಿಪಡಿಸುತ್ತಿದ್ದ ಗಂಡಸರ, ಹೆಂಗಸರ ನಡುವೆ ಕುಳಿತು. ಮೂರು ವರ್ಷಗಳ ಹಿಂದೆ ಕಾಪುವಿನಲ್ಲಿ ನಡೆದ ಒಂದು ಚಿತ್ರೀಕರಣಕ್ಕೆ ಜನರೇಟರ್ ಒದಗಿಸಿದವರು ಅವರೇ.

ಕಲಬುರ್ಗಿ ಕಡೆಯ ಶರಣಬಸಪ್ಪ ಮಣಿಪಾಲದಲ್ಲಿ ನಾಟಕ ಆಡಿಸುತ್ತಿದ್ದ. ರಂಗದ ಮೇಲೆ ಗೆದ್ದ ತನ್ನ ಮಹಾಭಾರತವನ್ನು ಟಿ.ವಿ.ಗಾಗಿ ಚಿತ್ರಿಸಲು ಹೊರಟವನು ಪಾಳುಬಿದ್ದ ಹೆಂಚಿನ ಕಾರ್ಖಾನೆಯೊಂದನ್ನು ಕೌರವರ ಸಭೆಯಾಗಿಸಿದ. ದ್ರೌಪದಿ, ಅವನ ಹೆಂಡತಿ ನಾಗವೇಣಿ. ಅವಳಿಗಾಗಿ ಮೊಣಕಾಲುದ್ದದ ಚೌರಿ ತಂದವನು ಕುಕ್ಕುಂದೂರಿನ ಮುದುಕ ಅಂಗಾರ. ನಿಂತುಹೋದ ಯಕ್ಷಗಾನ ಮೇಳವೊಂದರ ವೇಷದ ಪೆಟ್ಟಿಗೆ ಕಾಯುತ್ತಿದ್ದವನು.

“ಇದು ನಮ್ಮ ಧಣಿಯ ಹೆಂಡತಿಯ ಕೂದಲು ಸ್ವಾಮೀ,” ಎಂದ ಅಂಗಾರ. “ಧಣಿ ಜನರೆದುರು ಮುಡಿ ಹಿಡಿದು ಎಳೆದರು. ಆ ಅಮ್ಮ ಅದನ್ನು ಕತ್ತರಿಸಿ, ಮಾಟ ಮಾಡಿಸಿ ಪೆಟ್ಟಿಗೆಗೆ ಹಾಕಿದರು. ಎಳೆದವನ ರಕ್ತ ಕೇಳ್ತದೆ ಇದು. ಬಿಚ್ಚಿದರೆ ಆ ಆಟ ಮುಗಿಯುವ ಮೊದಲೇ ನಾವು ರಕ್ತದ ಬದಲು ಕುಂಕುಮದ ನೀರು ಹಚ್ಚಿ ಕಟ್ಟುವುದುಂಟು. ಬಿಚ್ಚಿ ಹಾಗೇ ಬಿಡಬಾರದು.”

“ಕುಂಕುಮದ ನೀರಿಗೆ ಮೋಸ ಹೋಗೋದು ಎಂಥಾ ದೆವ್ವನೋ ಅಜ್ಜ!” ಶರಣಬಸಪ್ಪ ನಕ್ಕ.

ಭೀಮನ ಪಾತ್ರದ ಬೀರಪ್ಪ ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಹಾಗಾಗಿ ದುಶ್ಶಾಸನನ ರಕ್ತ ಹಚ್ಚಿ ಮುಡಿ ಕಟ್ಟುವ ದೃಶ್ಯ ಬೆಳಿಗ್ಗೆಯೇ ಮುಗಿಯಿತು. ಮುಡಿ ಬಿಚ್ಚಿ ಎಳೆಯುವ ದೃಶ್ಯ ಸಂಜೆಗೆ ಉಳಿಯಿತು.

“ತಿರುಗುಮುರುಗಾಯ್ತು ಮಾರಾಯ್ರೆ,” ಎಂದ ಅಂಗಾರ.

“ಎಡಿಟಿಂಗ್‌ನಾಗ ಎಲ್ಲಾ ಸರಿ ಹೋಗ್ತದ,” ಎಂದ ಶರಣಬಸಪ್ಪ.

ದುಶ್ಶಾಸನನಾಗಿದ್ದ ವಿಠಲ ಮೂರು ಸಲವೂ ಅಳುಕುತ್ತಲೇ ಎಳೆದ. ಶರಣಬಸಪ್ಪನ ಸಹನೆ ತಪ್ಪಿತು. ವಿಠಲನ ವೇಷದ ಕೈಬಳೆಯನ್ನು ತಾನು ತೊಟ್ಟು, ಚೌರಿಯೊಳಗಿದ್ದ ಹೆಂಡತಿಯ ಸ್ವಂತ ಕೂದಲೂ ಸೇರುವಂತೆ ಮುಡಿ ಬಿಚ್ಚಿ ಹಿಡಿದು, ನೆಲದುದ್ದಕ್ಕೂ ಎಳೆದ.

“ರೀ, ನೋಯ್ತದ!”

“ನೋಯ್ಲಿ, ಹಂಗೇ ಅಳು. ಕ್ಯಾಮೆರಾದಾಗ ನನ್ನ ಕೈ ಅಷ್ಟೇ ಸಾಕು, ನಿಲ್ಲಿಸಬ್ಯಾಡ್ರಿ!”

ಚಿತ್ರೀಕರಣ ಮುಗಿಯಿತು. ಚೌರಿ ಮಾತ್ರ ಕಳಚಲಿಲ್ಲ. ಹಸಿ ಮಣ್ಣು, ಡೀಸೆಲ್ ವಾಸನೆಗಳನ್ನು ಒತ್ತರಿಸಿ ಕಮಟು ಎಣ್ಣೆಯ ನಾತವೊಂದು ಎದ್ದಿತು. ಅಂಗಾರ ಕುಂಕುಮದ ನೀರು ಹಿಡಿದು ಓಡಿಬಂದ. ನಾಗವೇಣಿ ಬಟ್ಟಲನ್ನು ತಳ್ಳಿದಳು.

“ನೀರು ಬೇಡ.”

ಆ ದನಿ ಅವಳದಲ್ಲ. ರಕ್ತ ಕೇಳಿ ಕೇಳಿ ಒಣಗಿದ ಯಾರದೋ ಮುದಿ ಗಂಟಲು.

ದೀಪಗಳು ಆರಿದವು. ಜನರೇಟರ್ ಮಾತ್ರ ಮೊರೆಯುತ್ತಲೇ ಇತ್ತು. ಶರಣಬಸಪ್ಪನ ಬಲ ಮಣಿಕಟ್ಟಿಗೆ ತಣ್ಣನೆಯದೇನೋ ಸುತ್ತಿಕೊಂಡಿತು. ಕೊಡವಿದ. ಬಿಗಿಯಿತು. ಕಿತ್ತ. ಇನ್ನೂ ಬಿಗಿಯಿತು. ಈಗ ಅದೇ ಎಳೆಯುತ್ತಿತ್ತು. ನೆಲ ಜಾರಿತು. ಕಂಬ ತಪ್ಪಿತು. ಹಿಂಬಾಗಿಲು. ಮೊರೆತ ಹತ್ತಿರವಾಯಿತು. ಬಿಸಿಗಾಳಿ. ಜನರೇಟರಿನ ತಿರುಗುವ ಬೆಲ್ಟ್.

ಜೋಕಿಮ್ ಯಂತ್ರ ನಿಲ್ಲಿಸುವಷ್ಟರಲ್ಲಿ ಅವನ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಏನೂ ಉಳಿದಿರಲಿಲ್ಲ.

ಟಾರ್ಚಿನ ಬೆಳಕಿನಲ್ಲಿ ಕಂಡದ್ದು ನಾಗವೇಣಿ. ತನ್ನ ಸೆರಗಿನಿಂದಲೇ ಅವನ ತೋಳನ್ನು ಬಿಗಿದು, ಒದ್ದೆ ಅಂಗೈಯನ್ನು ಕೂದಲಿಗೆ ಒರೆಸಿ, ನಿಧಾನವಾಗಿ ಮುಡಿ ಕಟ್ಟಿಕೊಂಡಳು. ಚೌರಿ ಬಾಡಿದ ಹೂವಿನಂತೆ ಕಳಚಿ ಅವಳ ಮಡಿಲಿಗೆ ಬಿತ್ತು.

“ಈಗ ಸರಿ ಹೋತು ನೋಡ್ರಿ,” ಎಂದಳು. ಈ ಸಲ ದನಿ ಅವಳದೇ ಆಗಿತ್ತು.

ಅವಳು ಅವನ ಜೀವ ಉಳಿಸಿದಳು. ಆಸ್ಪತ್ರೆಯಿಂದ ಅವನೊಡನೆ ಮನೆಗೆ ಮರಳಲಿಲ್ಲ. ನಾಟಕ ಟಿ.ವಿ.ಯಲ್ಲಿ ಬಂದಿತು. ಮುಡಿ ಎಳೆಯುವ ಆ ಕೈಯನ್ನು ಎಲ್ಲರೂ ಹೊಗಳಿದರು. ಶರಣಬಸಪ್ಪ ಒಬ್ಬನೇ ಕುಳಿತು ಅದನ್ನು ನೋಡಿದ.

ಕತೆ ಮುಗಿಸಿ ಜೋಕಿಮ್ ಬೀಡಿ ಹೊಸಕಿದರು. ತಲೆಸ್ನಾನ ಮಾಡಿ ಕೂದಲು ಹರವಿ ಕುಳಿತಿದ್ದ ಸುಗಂಧಿ ತುರುಬು ಕಟ್ಟಿಕೊಂಡು ಎದ್ದಳು. ಉಳಿದ ಹೆಂಗಸರೂ ಎದ್ದರು. ಗಂಡಸರು ಬಲೆ ಮಡಚಿ, ಹೆಂಡಂದಿರಿಗಿಂತ ನಾಲ್ಕು ಹೆಜ್ಜೆ ಹಿಂದೆಯೇ ಮನೆಗೆ ನಡೆದರು.