ಫೈರ್ ಕೋಬ್ರಾ ಬಂದ ಭಾನುವಾರ

"ಹೋತು. ಮತ್ತ ಸತ್ತೆ," ಎಂದಳು ನೀಲಾ.

ಮನೆಯ ಕಟ್ಟೆಯ ಮೇಲೆ ಅವಳ ಪಕ್ಕ ಕೂತಿದ್ದ ಗೆಳೆಯ ಮುನಾಫ ಕುತ್ತಿಗೆ ಉದ್ದ ಮಾಡಿ ಫೋನಿನೊಳಗೆ ಇಣುಕಿದ. "ಪಾಯಿಂಟ್ ಎಷ್ಟ ಬಂದ್ವು?"

"ಎಂಟು."

"ಕಾಲ ತಾಸು ಆಡಿ ಬರೇ ಎಂಟ?"

ನೀಲಾ ಹಲ್ಲು ಕಚ್ಚಿಕೊಂಡಳು. ಸವಣೂರಿನ ಆ ಓಣಿಯಲ್ಲಿ ಶನಿವಾರದ ಮಧ್ಯಾಹ್ನ ಎಲ್ಲರೂ ಆರಾಮಾಗಿದ್ದರು. ಮುನಾಫನ ಮನೆಯಿಂದ ಖಾರಾ ಕರಿಯುವ ಘಮ ಬರುತ್ತಿತ್ತು. ನಾಯಿಗಳು ನೆರಳು ಹುಡುಕಿಕೊಂಡು ಮಲಗಿದ್ದವು. ನೀಲಾಳ ಕಾಲು ಮಾತ್ರ ಒಂದೇ ಸಮನೆ ಅಲುಗುತ್ತಿತ್ತು.

ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳು ನೀಲಾಂಬಿಕಾ, ಆರನೇ ಕ್ಲಾಸು. 'ಗರುಡಾ ಸ್ಕ್ವಾಡ್' ಎಂಬ ಆಟದಲ್ಲಿ ಅವಳ ಹೆಸರು 'ನೀಲಾ ಡೇಂಜರ್'. ಹೆಸರಿಗೇನೋ ಡೇಂಜರ್, ಕೈಯಲ್ಲಿ ಇದ್ದದ್ದು ಎಲ್ಲರಿಗೂ ಪುಕ್ಕಟೆ ಕೊಡುವ ಡಬ್ಬಾ ಬಂದೂಕು. ಅದರಿಂದ ಹತ್ತು ಗುಂಡು ಹೊಡೆದರೂ ಎದುರಿನವನು ಮೈಮೇಲೆ ನೊಣ ಕೂತಂತೆ ಕೊಡವಿಕೊಂಡು ಹೋಗುತ್ತಿದ್ದ. ಲೆವೆಲ್ ಐವತ್ತು ಮುಟ್ಟಿದವರಿಗೆ 'ಫೈರ್ ಕೋಬ್ರಾ' ಸಿಗುತ್ತದೆ. ಕೆಂಪು ಬಂದೂಕು, ನಳಿಗೆಯ ತುದಿಯಲ್ಲಿ ಹೆಡೆ ಎತ್ತಿದ ಹಾವು. ಅದು ಇದ್ದರೆ ಎರಡೇ ಗುಂಡು ಸಾಕು.

ಅದಕ್ಕಾಗಿ ಅವಳು ನಲವತ್ತು ದಿನದಿಂದ ಒದ್ದಾಡುತ್ತಿದ್ದಳು. ಮೊದಲ ಇಪ್ಪತ್ತು ಲೆವೆಲ್‌ಗಳು ನೀರು ಕುಡಿದಷ್ಟು ಸಲೀಸಾಗಿ ದಾಟಿದ್ದವು. ಆಮೇಲೆ ಆಟಕ್ಕೆ ಜಿಪುಣತನ ಶುರುವಾಯಿತು. ಗೆದ್ದರೂ ಹದಿನೈದು ಪಾಯಿಂಟ್, ಸೋತರೆ ಎಂಟು, ಆರು. ಒಂದು ದಿನ ಜ್ವರ ಬಂದು ಆಡದೆ ಇದ್ದುದಕ್ಕೆ ವಾರದ ಬೋನಸ್ಸೇ ಮಾಯವಾಯಿತು. ಸತ್ತಾಗಲೆಲ್ಲ ಪರದೆಯ ಮೇಲೆ ಒಂದು ಹಳದಿ ಬಟನ್ ಬಂದು ಕುಣಿಯುತ್ತಿತ್ತು. 'ಕಾಯುವುದೇಕೆ? 399 ರೂಪಾಯಿಗೆ ಫೈರ್ ಕೋಬ್ರಾ ಈಗಲೇ ನಿಮ್ಮದು!' ಆ ಬಟನ್ನಿಗೆ ಒಂದು ಗುದ್ದು ಕೊಡಬೇಕು ಅನ್ನಿಸುತ್ತಿತ್ತು ನೀಲಾಳಿಗೆ.

ಈಗ ಅವಳದು ನಲವತ್ತೊಂಬತ್ತನೇ ಲೆವೆಲ್. ಇನ್ನು ಇನ್ನೂರ ಅರವತ್ತು ಪಾಯಿಂಟ್ ಬೇಕು. ಸೀಸನ್ ನಾಳೆ ಸಂಜೆಗೆ ಮುಗಿಯುತ್ತದೆ.

ಮುನಾಫ ಬೆರಳು ಮಡಚಿ ಲೆಕ್ಕ ಹಾಕಿದ. "ಎಂಟೆಂಟರಂಗ ಬಂದ್ರ ಮೂವತ್ಮೂರು ಮ್ಯಾಚ್ ಆಡಬೇಕು. ಊಟಾ, ನಿದ್ದಿ ಎರಡೂ ಬಿಡು."

"ನಿಂಗ ನಗೀ ಬರ್ತೈತಿ. ನನಗ ತಲಿ ಕೆಟ್ಟೈತಿ."

ಅಷ್ಟರಲ್ಲಿ ಹಿಂದಿನ ಓಣಿಯ ಸುನೀಲ ಸೈಕಲ್ ತಂದು ಕಟ್ಟೆಗೆ ಆನಿಸಿದ. ಇವರದೇ ಕ್ಲಾಸಿನವನು. ಆಟ ಶುರು ಮಾಡಿ ಒಂದು ವಾರವೂ ಆಗಿರಲಿಲ್ಲ. ಕಿಸೆಯಿಂದ ಅವನ ಮಾಮಾನ ಫೋನ್ ತೆಗೆದು ಇಬ್ಬರ ಮುಂದೆ ಹಿಡಿದ. ಪರದೆಯ ತುಂಬ ಕೆಂಪು ಬಂದೂಕು, ಹೆಡೆ ಎತ್ತಿದ ಹಾವು.

"ಎಷ್ಟನೇ ಲೆವೆಲ್ ನೀನು?" ಎಂದು ಕೇಳಿದಳು ನೀಲಾ.

"ಆರು. ನಮ್ಮ ಮಾಮಾ ರೊಕ್ಕಾ ಹಾಕಿದ. ಒಂದ ನಿಮಿಷದಾಗ ಬಂತು ನೋಡು."

ನಲವತ್ತು ದಿನ ಅವಳು, ಒಂದು ನಿಮಿಷ ಇವನು. ಅದಕ್ಕಿಂತ ಸಿಟ್ಟು ಬಂದದ್ದು ಸುನೀಲ ಬಂದೂಕನ್ನು ತಿರುಗಿಸಿ ತಿರುಗಿಸಿ ತೋರಿಸಿದ್ದಕ್ಕೆ.

"ಏ, ಇದನ್ನ ನೋಡು," ಮುನಾಫ ನೀಲಾಳ ಕೈಯಲ್ಲಿದ್ದ ಫೋನಿನ ಮೂಲೆಗೆ ಬೆರಳು ತೋರಿಸಿದ. "ನಾಳೆ ಸೂಪರ್ ಸಂಡೆ. ಹನ್ನೊಂದರಿಂದ ಹನ್ನೆರಡರ ತನಕ ಪಾಯಿಂಟ್ ಹತ್ತು ಪಟ್ಟು. ಎರಡ ಮ್ಯಾಚ್ ಗೆದ್ರ ನಿಂದು ಆತು."

"ನಾಳೆ ಹನ್ನೊಂದಕ್ಕ ನಾ ತ್ವಾಟದಾಗ ಇರ್ತೇನಿ," ಎಂದಳು ನೀಲಾ. ಆಮೇಲೆ ನಿಧಾನವಾಗಿ ಸೇರಿಸಿದಳು, "ಅವ್ವನ ಫೋನೂ ಅಲ್ಲೇ ಇರ್ತೈತಿ."

ಒಳಗಿನಿಂದ ಅವ್ವನ ದನಿ ಬಂತು. "ನೀಲಾ, ಅರ್ಧ ತಾಸ ಆತು. ಫೋನ್ ತಾ."

*

ಅವರ ವೀಳ್ಯದೆಲೆ ತೋಟ ಊರ ಹೊರಗೆ ಕಾಲುವೆಯ ದಡದಲ್ಲಿತ್ತು. ಭಾನುವಾರ ಅಪ್ಪ ಹಿಂದಿನ ದಿನ ಕೊಯ್ದ ಎಲೆ ತೆಗೆದುಕೊಂಡು ಬೆಳಗಿನ ಬಸ್ಸಿಗೇ ಮಾರಲು ಅಕ್ಕಿಆಲೂರಿಗೆ ಹೋಗಿದ್ದ. ಎಷ್ಟು ಕಟ್ಟು ಹೋಯಿತು, ಇನ್ನೆಷ್ಟು ಬೇಕು ಅಂತ ಅಲ್ಲಿಂದ ಫೋನ್ ಮಾಡುತ್ತಿದ್ದ. ಅದಕ್ಕಾಗಿ ಅವ್ವ ಫೋನನ್ನು ಕೈಚೀಲದಲ್ಲಿಟ್ಟು ನುಗ್ಗೆ ಗಿಡದ ಟೊಂಗೆಗೆ ತೂಗುಹಾಕುತ್ತಿದ್ದಳು.

ಎಲೆ ಕೊಯ್ಯುವವರು ಹೆಬ್ಬೆರಳಿಗೆ ತಗಡಿನ ಉಗುರು ಹಾಕಿಕೊಳ್ಳುತ್ತಾರೆ. ಬೆರಳ ತುದಿಗೆ ಟೊಪ್ಪಿಗೆಯಂತೆ ಕೂರುವ ಸಣ್ಣ ತಗಡು, ಅಂಚು ಚೂಪು. ತೊಟ್ಟಿಗೆ ಒತ್ತಿದರೆ ಎಲೆ ಟಕ್ಕೆಂದು ಕೈಗೆ ಬರುತ್ತದೆ, ಬಳ್ಳಿ ಅಲುಗುವುದೂ ಇಲ್ಲ. ನೀಲಾಳಿಗೆ ಈ ವರ್ಷವಷ್ಟೇ ಅವಳ ಬೆರಳಿನ ಅಳತೆಗೆ ಒಂದು ಮಾಡಿಸಿಕೊಟ್ಟಿದ್ದರು. ಮೊದಲು ಅರ್ಧ ತಾಸು ಅದು ಚುಚ್ಚುತ್ತದೆ. ಆಮೇಲೆ ಹಾಕಿಕೊಂಡಿದ್ದೇ ಮರೆತುಹೋಗುತ್ತದೆ.

"ಇವತ್ತ ಏನವಾ, ಕೈ ಭಾಳ ಜೋರ ನಡದೈತಿ," ಎಂದಳು ಅವ್ವ.

ಜೋರು ನಡೆಯದೆ ಏನು. ನೀಲಾ ಬಿಸಿಲು ಎಲ್ಲಿಗೆ ಬಂತು ಅಂತ ನೋಡುವುದು, ಎರಡು ಎಲೆ ಕೊಯ್ಯುವುದು, ಮತ್ತೆ ಬಿಸಿಲು ನೋಡುವುದು. ತೋಟದ ಬಾಯಿಯಲ್ಲೇ, ಒಳಗೆ ಕಾಲಿಡುವಲ್ಲಿ, ಒಂದು ಬಳ್ಳಿ ಇತ್ತು. ಆಟದ ಸೀಸನ್ ಶುರುವಾದ ವಾರ ಅವ್ವ ಅದರ ಕುಡಿಯನ್ನು ನೀಲಾಳ ಭುಜದ ಎತ್ತರಕ್ಕೆ ಬಾಳೆನಾರಿನಿಂದ ಕಟ್ಟಿ, "ಇದು ನಿನ್ನ ಬಳ್ಳಿ. ಕಾಯ್ಕೋ," ಅಂದಿದ್ದಳು. ಇವತ್ತು ನೀಲಾ ಅದರ ಮುಂದೆಯೇ ನಾಲ್ಕು ಸಲ ಓಡಾಡಿದರೂ ತಲೆ ಎತ್ತಿ ನೋಡಲಿಲ್ಲ.

ಕೊನೆಗೆ ಅವ್ವ ಕೊಯ್ದ ಎಲೆ ತೊಳೆಯಲು ಕಾಲುವೆಗೆ ಇಳಿದಳು.

"ಅವ್ವಾ, ಎಷ್ಟ ಗಂಟೆ ಆತು ನೋಡ್ತೇನಿ," ಎಂದು ನೀಲಾ ಕೂಗಿದಳು. ಸುಳ್ಳೇನಲ್ಲ, ಗಂಟೆಯನ್ನೂ ನೋಡಿದಳು. ಹನ್ನೊಂದು ಹೊಡೆದು ಇಪ್ಪತ್ತು ನಿಮಿಷ.

ಗಿಡದ ಬುಡಕ್ಕೆ ಕೂತು ಆಟ ತೆರೆದಳು. ಮೊದಲ ಮ್ಯಾಚಿನಲ್ಲಿ ಗೆದ್ದಳು. ನೂರ ಐವತ್ತು ಪಾಯಿಂಟ್ ದಬದಬ ಬಿದ್ದವು. ಎರಡನೆಯದರಲ್ಲಿ ಅವಳೂ ಸೇರಿ ಮೂರೇ ಜನ ಉಳಿದರು, ಆಮೇಲೆ ಇಬ್ಬರು. ಮುರಿದ ಗೋಡೆಯ ಹಿಂದೆ ಒಬ್ಬ ಅಡಗಿದ್ದ. ಇವನನ್ನು ಹೊಡೆದರೆ ಮುಗಿಯಿತು.

ಆಗಲೇ ಪರದೆಯ ಮೇಲೆ 'ಅಪ್ಪ' ಅಂತ ಬಂತು. ಫೋನ್ ಬಡಿದುಕೊಳ್ಳತೊಡಗಿತು.

"ಈಗ ಬ್ಯಾಡ ಅಪ್ಪಾ, ಈಗ ಬ್ಯಾಡ," ಎನ್ನುತ್ತ ನೀಲಾ ಹೆಬ್ಬೆರಳಿನಿಂದ ಆ ಹೆಸರನ್ನು ಒತ್ತಿ ಪಕ್ಕಕ್ಕೆ ಎಳೆದು ಕಟ್ ಮಾಡಿದಳು. ಕಿರ್ರ್ ಅಂತ ಏನೋ ಸದ್ದಾಯಿತು. ಅದನ್ನು ಕೇಳುವಷ್ಟು ಪುರುಸೊತ್ತು ಯಾರಿಗಿತ್ತು. ಗೋಡೆ ಸುತ್ತಿ ಹೋದಳು, ಹೊಡೆದಳು, ಹೊಡೆಯುತ್ತಲೇ ಇದ್ದಳು. ಅವನು ಬಿದ್ದ.

ಲೆವೆಲ್ ಐವತ್ತು. ಪಟಾಕಿ ಹಾರಿದವು. ಹೊಗೆಯ ನಡುವೆ ಫೈರ್ ಕೋಬ್ರಾ ಮೆಲ್ಲಗೆ ತಿರುಗುತ್ತ ಬಂತು.

ನೀಲಾಳಿಗೆ ಎದ್ದು ಕುಣಿಯಬೇಕು ಅನ್ನಿಸಿತು. ಆದರೆ ಆ ಹಾವಿನ ಹೆಡೆಯ ಮೇಲೆ ಒಂದು ಬಿಳಿ ಗೆರೆ ಇತ್ತು. ಬಂದೂಕು ತಿರುಗಿತು, ಗೆರೆ ತಿರುಗಲಿಲ್ಲ. ಓಢಣಿಯ ಸೆರಗಿನಿಂದ ಒರೆಸಿದಳು. ಉಗುಳು ಹಚ್ಚಿ ಒರೆಸಿದಳು. ಗೆರೆ ಗಾಜಿನ ಈ ಅಂಚಿನಿಂದ ಆ ಅಂಚಿನವರೆಗೆ ಹಾಗೇ ಇತ್ತು. ಆಮೇಲೆ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ತಗಡಿನ ಉಗುರು ಬಿಸಿಲಿಗೆ ಮಿಂಚುತ್ತಿತ್ತು.

ಅವ್ವ ಈ ಫೋನನ್ನು ಎಷ್ಟು ಜೋಪಾನ ಮಾಡುತ್ತಿದ್ದಳೆಂದರೆ ಒದ್ದೆ ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಪರದೆಯ ಮೇಲೆ ಚಿತ್ರವಿದ್ದದ್ದೂ ನೀಲಾಳದೇ, ಒಂದನೇ ಕ್ಲಾಸಿಗೆ ಸೇರಿದ ದಿನದ್ದು. ಈಗ ಗೆರೆ ಆ ಪುಟ್ಟ ನೀಲಾಳ ಎರಡು ಕಣ್ಣಿನ ಮೇಲೂ ಹಾದುಹೋಗಿತ್ತು.

ಫೋನನ್ನು ಚೀಲಕ್ಕೆ ಹಾಕಿ ಬಂದು ಎಲೆ ಕೊಯ್ಯತೊಡಗಿದಳು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಬಡಿದುಕೊಂಡಿತು. ಅವ್ವ ಕೈ ಒರೆಸಿಕೊಂಡು ಬಂದು, ಉಗುರು ತೆಗೆದು ಸೊಂಟಕ್ಕೆ ಸಿಕ್ಕಿಸಿ, ಫೋನ್ ಎತ್ತಿಕೊಂಡಳು. ಪರದೆಯ ಮೇಲೆ ಬೆರಳು ಎಳೆದವಳು ಒಂದು ಕ್ಷಣ ನಿಂತಳು.

"ಹೂಂ, ಹೇಳ್ರಿ... ಆಗಳೇ ಮಾಡಿದ್ರ?" ಅವ್ವನ ಕಣ್ಣು ನೀಲಾಳ ಕಡೆ ಬಂದು ಹೋಯಿತು. "ಕಟ್ ಆತಂತ? ನನ್ನ ಕೈ ತಪ್ಪಿ ಆಗಿರಬೇಕು ಬಿಡ್ರಿ."

ನೀಲಾ ಬಳ್ಳಿಯ ಹಿಂದೆ ಸರಿದಳು. ಬೈದಿದ್ದರೆ ಎಷ್ಟೋ ಚಲೋ ಇತ್ತು.

*

ಸೋಮವಾರ ಶಾಲೆಯಲ್ಲಿ ಮುನಾಫನಿಗೆ ಮಾತ್ರ ಗೆರೆಯ ವಿಷಯ ಹೇಳಿದಳು. ಅವನು ಗಂಭೀರವಾಗಿ ಯೋಚಿಸಿದ.

"ಹಲ್ಲಿಗೆ ಹಚ್ಚೋ ಪೇಸ್ಟ್ ತಿಕ್ಕಿದ್ರ ಹೋಗ್ತೈತಂತ."

"ನಿನ್ನೆ ರಾತ್ರಿನ ತಿಕ್ಕೇನಿ. ಫೋನ್ ಘಮಘಮ ಅನ್ನಾಕತ್ತೈತಿ, ಗೆರಿ ಹಂಗ ಐತಿ."

ಮುನಾಫನಿಗೆ ನಗು ಬಂತು, ತಡೆದುಕೊಂಡ. "ಅಂತೂ ಬಂದೂಕರ ಬಂತಲ್ಲ."

ಹಿಂದಿನ ಬೆಂಚಿನಿಂದ ಸುನೀಲ ಬಗ್ಗಿದ. ಅವನ ಮುಖ ಊದಿಕೊಂಡಿತ್ತು. "ಎಲ್ಲೀ ಬಂದೂಕು? ನೀವ ಆಟಾ ತೆರದ ನೋಡಿಲ್ಲೇನು? ಹೊಸಾ ಸೀಸನ್ ಬಂದೈತಿ. ನನ್ನ ಕೋಬ್ರಾ ಲಾಕ್ ಆಗೈತಿ. ಬಿಚ್ಚಾಕ ಮೂರು ಕೀಲಿ ಬೇಕಂತ, ಕೀಲಿಗೆ ಮತ್ತ ರೊಕ್ಕಾ ಅಂತ. ಮಾಮಾ ಬೈದು ಫೋನ್ ಕಸಗೊಂಡ."

ನಿನ್ನೆ ಮೊನ್ನೆಯಾಗಿದ್ದರೆ ಅವನ ಮುಖ ನೋಡಿ ನೀಲಾಳಿಗೆ ಖುಷಿಯಾಗುತ್ತಿತ್ತು. ಇವತ್ತು ಪಾಪ ಅನ್ನಿಸಿತು. ತನ್ನ ಕೋಬ್ರಾಕ್ಕೂ ಬೀಗ ಬಿದ್ದಿದೆಯೇನೋ ಅಂತ ಭಯವೂ ಆಯಿತು. ಉಳಿದ ಎರಡು ಪಿರಿಯಡ್ ಅವಳ ತಲೆಗೆ ಒಂದಕ್ಷರ ಹೋಗಲಿಲ್ಲ.

ಶಾಲೆ ಬಿಟ್ಟವಳು ಮನೆಗೆ ಹೋಗಲಿಲ್ಲ. ಪುಸ್ತಕದ ದಫ್ತರು ಹೊತ್ತುಕೊಂಡೇ ತೋಟಕ್ಕೆ ಓಡಿದಳು. ಅವ್ವ ಬಳ್ಳಿಗಳ ಕುಡಿ ಕಟ್ಟುತ್ತಿದ್ದಳು. ಬಾಳೆನಾರು ಹೆಗಲ ಮೇಲಿತ್ತು.

"ಅವ್ವಾ, ಫೋನಿನ ಮ್ಯಾಲೆ ಗೆರಿ ಬಿದ್ದೈತಿ. ನಾನ ಮಾಡೇನಿ. ಉಗುರು ಹಾಕ್ಕೊಂಡಿದ್ದು ಮರತಬಿಟ್ಟಿದ್ದೆ. ಅಪ್ಪಂದು ಫೋನ್ ಕಟ್ ಮಾಡಿದ್ದೂ ನಾನ." ಎಲ್ಲ ಒಂದೇ ಉಸಿರಿನಲ್ಲಿ ಬಂತು. ಜೊತೆಗೆ ಅಳುವೂ ಬಂತು.

ಅವ್ವ ಗಂಟು ಹಾಕಿ ಮುಗಿಸಿದಳು. "ಗೊತ್ತೈತಿ. ನಿನ್ನೆ ಬೆರಳಿಗೆ ತಾಗ್ತು. ನೀನಾಗೇ ಯಾವಾಗ ಹೇಳ್ತಿ ಅಂತ ನೋಡಾಕತ್ತಿದ್ದೆ."

"ಬೈಯೂದಿಲ್ಲೇನು?"

"ಬೈತೇನಿ, ತಡಿ. ಅಪ್ಪಗ ಏನರ ಆಗಿ ಫೋನ್ ಮಾಡಿದ್ರ ಏನ ಮಾಡ್ತಿದ್ದಿ?" ಅವ್ವನ ದನಿ ಏರಲಿಲ್ಲ. ಅದಕ್ಕೇ ನೀಲಾಳಿಗೆ ತಲೆ ಎತ್ತಲಾಗಲಿಲ್ಲ. ಅವ್ವ ಮುಂದಿನ ಬಳ್ಳಿಗೆ ಸರಿದು ಕೇಳಿದಳು, "ಅಷ್ಟ ದಿನದಿಂದ ಕಾಯಾಕತ್ತಿದ್ದೆಲ್ಲ, ಬಂದೂಕು. ಬಂತನು?"

"ಬಂತು."

"ಎಲ್ಲೆ, ತೋರಸು."

ನೀಲಾ ಟೊಂಗೆಯ ಚೀಲದಿಂದ ಫೋನ್ ತೆಗೆದು ಆಟ ತೆರೆದಳು. 'ನೀಲಾ ಡೇಂಜರ್, ಲೆವೆಲ್ 1.' ಕೈಯಲ್ಲಿ ಮತ್ತೆ ಅದೇ ಡಬ್ಬಾ ಬಂದೂಕು. ಫೈರ್ ಕೋಬ್ರಾ ಒಂದು ಮೂಲೆಯಲ್ಲಿ ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು, ಹಾವಿನ ಕುತ್ತಿಗೆಗೆ ಬೀಗದ ಚಿತ್ರ. ಅದರ ಮೇಲೆ ಹೊಸ ಬಂದೂಕೊಂದು, ನೀಲಿ ಹುಲಿಯ ಮುಖದ್ದು, ತಿರುಗುತ್ತಿತ್ತು. ಕೆಳಗೆ ಹಳದಿ ಬಟನ್ ಕುಣಿಯುತ್ತಿತ್ತು.

ಎಲ್ಲವೂ ಬದಲಾಗಿತ್ತು. ಬಿಳಿ ಗೆರೆ ಮಾತ್ರ ಇದ್ದಲ್ಲೇ ಇತ್ತು.

"ಇದನು?" ಎಂದಳು ಅವ್ವ.

"ನಿನ್ನೆ ಇತ್ತು." ನೀಲಾ ಬೀಗದ ಚಿತ್ರವನ್ನು ಒತ್ತಿ ನೋಡಿದಳು. "ನಲವತ್ತು ದಿನ ಆಡೇನಿ ಅವ್ವಾ."

ಅವ್ವ ಹೆಗಲಿನಿಂದ ಒಂದು ನಾರು ಎಳೆದು ಕೊಟ್ಟಳು. "ಅತ್ತು ಮುಗಸಿ ನಿನ್ನ ಬಳ್ಳಿ ಕಟ್ಟು. ಕುಡಿ ಹೊಯ್ದಾಡಾಕತ್ತೈತಿ."

ನೀಲಾ ಫೋನನ್ನು ಚೀಲಕ್ಕೆ ಹಾಕಿ, ಮೂಗು ಒರೆಸಿಕೊಂಡು ತೋಟದ ಬಾಯಿಗೆ ಬಂದಳು. ಭುಜದ ಹತ್ತಿರ ಕುಡಿಯನ್ನು ಹುಡುಕಿದಳು. ಅಲ್ಲಿ ಹಳೆಯ ನಾರು ಒಣಗಿಕೊಂಡಿತ್ತು. ಕುಡಿ ಅಲ್ಲಿರಲಿಲ್ಲ. ತಲೆ ಎತ್ತಿದಳು. ಅದು ಅವಳ ನೆತ್ತಿಯನ್ನೂ ದಾಟಿ ಮೇಲೆ ಹೋಗಿ, ಹಿಡಿಯಲು ಏನೂ ಸಿಗದೆ ಗಾಳಿಗೆ ಓಲಾಡುತ್ತಿತ್ತು. ಕಟ್ಟಬೇಕೆಂದರೆ ತುದಿಗಾಲಲ್ಲಿ ನಿಲ್ಲಬೇಕಾಯಿತು.

ಇದು ಯಾವಾಗ ಇಷ್ಟು ಬೆಳೆಯಿತು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಎಲೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು.

ಟೊಂಗೆಯ ಚೀಲದಲ್ಲಿ ಫೋನ್ ಟಿಣ್ ಅಂದಿತು. ಮತ್ತೊಮ್ಮೆ ಟಿಣ್. ಅವ್ವ ಹೊರಗೆ ತೆಗೆದು, ಕಣ್ಣು ಕಿರಿದು ಮಾಡಿ ಓದಿದಳು. "ಮೊದಲನೇ ದಿನದ ಗಿಫ್ಟ್ ಕಾಯಾಕತ್ತೈತಂತ. ಬೇಗ ಬಾ ಅನ್ನಾಕತ್ತೈತಿ. ನೀಲಾ, ನಿನ್ನ ಫೋನ್ ಕರೀತೈತಿ ನೋಡು."

ನೀಲಾ ಬಳ್ಳಿಯಿಂದ ಕೈ ತೆಗೆಯಲಿಲ್ಲ. ನಾರನ್ನು ಎರಡು ಸುತ್ತು ಸುತ್ತಿ, ಕುಡಿಗೆ ಬಿಗಿಯಾಗದಂತೆ ಗಂಟು ಹಾಕಿದಳು.

"ನಂದಲ್ಲ ಅವ್ವಾ ಅದು," ಎಂದಳು. "ನಿಂದು."