ಈ ಭಯ ನನ್ನದಲ್ಲ ಅಂದರೆ...

"ಅಮ್ಮಾ... ನಾನು ಸಾಯ್ತಾ ಇದ್ದೇನೆ!"

ತಿರುವನಂತಪುರದಲ್ಲಿ, ತಂಪಾನೂರಿನ ರೈಲು ನಿಲ್ದಾಣದ ಮೆಟ್ಟಿಲಲ್ಲಿ ಕುಸಿದು ಕುಳಿತ ಹರ್ಷಿತಾ ನರಳಿದ್ದು ಕನ್ನಡದಲ್ಲಿ. ಆ ಜನಜಂಗುಳಿಯಲ್ಲಿ ಅದು ಅರ್ಥವಾದದ್ದು ಒಬ್ಬನಿಗೆ ಮಾತ್ರ.

"ಸಾಯುವವರು ಇಷ್ಟು ಸ್ಪಷ್ಟ ಕನ್ನಡ ಮಾತಾಡುದಿಲ್ಲ ಮಾರಾಯ್ರೆ. ಮೊದಲು ನೀರು ಕುಡೀರಿ."

ಅವಳು ತಲೆ ಎತ್ತಿದಳು. ಎದೆ ಹೊಡೆದುಕೊಳ್ಳುತ್ತಲೇ ಇತ್ತು... ಆ ಕಣ್ಣುಗಳನ್ನು ಕಂಡು ಇನ್ನೂ ಜೋರಾಗಿ!

ಅವನು ಧರಣೇಂದ್ರ. ಮೂಡುಬಿದಿರೆಯ ಜೈನರ ಹುಡುಗ. ಕೆಲಸ ಅಲ್ಲೇ ಶ್ರೀಕಾರ್ಯಂನ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ. "ಮನೆಯಲ್ಲಿ ಗೆಣಸು ಮುಟ್ಟುದಿಲ್ಲ, ಇಲ್ಲಿ ಗೆಣಸೇ ಅನ್ನ ಹಾಕುದು!" ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಂಡ. ಕಾಸರಗೋಡಿನ ಹರ್ಷಿತಾ ಕೊಚ್ಚಿಯ ಐಟಿ ಪಾರ್ಕಿನಲ್ಲಿದ್ದಳು, ವಾಸ ಅಲ್ಲೇ ಕಲೂರಿನಲ್ಲಿ. ಅವತ್ತು ಆಫೀಸಿನ ಕೆಲಸಕ್ಕೆಂದು ಬಂದಿದ್ದಳು.

ಶನಿವಾರ ಬಂದರೆ ಅವಳು ಅವನೂರಿನ ರೈಲು ಹತ್ತುತ್ತಿದ್ದಳು. ವರ್ಷದೊಳಗೆ ಮದುವೆಯ ಮಾತೂ ಬಂತು.

ಆದರೆ ಆ ಭಯ... ಅದೂ ಜೊತೆಗೇ ಬರುತ್ತಿತ್ತು. ರೈಲಿಳಿದು ಅವನನ್ನು ಕಾಣುವಷ್ಟರಲ್ಲಿ ಮೊದಲು ಸೀದ ತೆಂಗಿನೆಣ್ಣೆಯ ವಾಸನೆ. ಆಮೇಲೆ ಹೊಟ್ಟೆಯಿಂದ ಏನೋ ಮೇಲೇಳುವುದು. ಮತ್ತೆ ಕಾರಣವೇ ಇಲ್ಲದ, ಉಸಿರು ಕಟ್ಟಿಸುವ ಭಯ! ಎರಡು ನಿಮಿಷ, ಅಷ್ಟೆ. ವಾಸನೆ ಅಲ್ಲಿನ ಚಿಪ್ಸ್ ಅಂಗಡಿಗಳದ್ದು ಎಂದುಕೊಂಡಳು.

ಭಯ ಯಾರದ್ದು?

ಅಜ್ಜಿಯ ಕತೆಗಳಲ್ಲಿ ರಾಜಕುಮಾರಿಯ ಎದೆ ಸುಮ್ಮನೆ ನಡುಗುತ್ತಿರಲಿಲ್ಲ. ವರನ ವೇಷ ಹಾಕಿ ಬಂದ ರಾಕ್ಷಸನನ್ನು ಕಣ್ಣಿಗಿಂತ ಮೊದಲು ಎದೆಯೇ ಗುರುತಿಸುತ್ತಿತ್ತು. 'ಹಾಗಾದರೆ ನನ್ನ ಎದೆ ನನಗೇನು ಹೇಳುತ್ತಿದೆ?' ಆಫೀಸಿನ ಮೀಟಿಂಗಿನಲ್ಲೂ ಒಮ್ಮೊಮ್ಮೆ ಹೀಗಾಗಿತ್ತು. ಅದನ್ನು ಅವಳು ಮರೆತೇಬಿಟ್ಟಳು.

ಒಂದು ಸಂಜೆ, ತನ್ನನ್ನು ನೋಡಲು ಬಂದಿದ್ದ ಅವನಿಗೆ ಕಲೂರಿನ ಬಸ್ ನಿಲ್ದಾಣದಲ್ಲಿ ಹೇಳಿಯೇಬಿಟ್ಟಳು.

"ನಿನ್ನನ್ನು ನೋಡಿದ್ರೆ ನಂಗೆ ಹೆದರಿಕೆ ಆಗ್ತದೆ ಧರಣಿ. ಈ ಮದುವೆ ಬೇಡ."

"ನಾನೆಂತ ಮಾಡಿದೆ ಹರ್ಷಿ? ಒಂದು ದಿನ ಗದರಿದ್ದುಂಟಾ?"

"ಇಲ್ಲ..."

"ಮತ್ತೆಂತಕ್ಕೆ ಹೆದರಿಕೆ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನ ಮುಖ ಬಿಳುಚಿತು. "ಹೆದರುವವಳ ಎದುರು ನಾನು ನಿಲ್ಲುದಿಲ್ಲ," ಎಂದವನೇ ಬಸ್ಸು ಹತ್ತಿದ. ತಿರುಗಿಯೂ ನೋಡಲಿಲ್ಲ.

ಅವನು ಹೋದ ಮೇಲೆ ಭಯವೂ ಹೋಗಬೇಕಿತ್ತಲ್ಲ! ಹೋಗಲಿಲ್ಲ. ದಿನಕ್ಕೆ ಮೂರು ಸಲ ಬರತೊಡಗಿತು. ಆತಂಕದ ಮಾತ್ರೆಗಳಿಂದ ನಿದ್ದೆಯೇನೋ ಬಂತು. ಎಚ್ಚರವಾದರೆ ಮತ್ತೆ ಅದೇ.

"ಆಯೇಷಾ, ಎಂತದೋ ಸೀಯ್ತಾ ಉಂಟು ನೋಡು!"

ಜೊತೆಗಿದ್ದ ಪುತ್ತೂರಿನ ಆಯೇಷಾ ಅಡುಗೆಮನೆಗೆ ಓಡಿ ಬಂದವಳು ಬೆಚ್ಚಿದಳು. "ಒಲೆಯೇ ಹಚ್ಚಲಿಲ್ಲ ಮಾರಾಯ್ತಿ!"

ಮರುದಿನ ಅವಳೇ ನರರೋಗ ವೈದ್ಯೆಯ ಬಳಿ ಎಳೆದೊಯ್ದಳು. ವೈದ್ಯೆ ಆ ವಾಸನೆಯ ಬಗ್ಗೆಯೇ ಮತ್ತೆ ಮತ್ತೆ ಕೇಳಿದರು. ಸ್ಕ್ಯಾನಿನಲ್ಲಿ ಕಂಡಿತು... ಮೆದುಳಿನ ಹೊದಿಕೆಗೆ ಅಂಟಿಕೊಂಡ, ನೆಲ್ಲಿಕಾಯಿಯಷ್ಟು ದೊಡ್ಡ ಟ್ಯೂಮರ್. ಕ್ಯಾನ್ಸರ್ ಅಲ್ಲ.

"ಆತಂಕ ಇರುವವರಿಗೆಲ್ಲ ಟ್ಯೂಮರ್ ಇರುವುದಿಲ್ಲ," ಎಂದರು ವೈದ್ಯೆ ನಿಧಾನವಾಗಿ. "ಆದರೆ ನಿಮ್ಮದು ಭಯ ಹುಟ್ಟುವ ಜಾಗವನ್ನೇ ಒತ್ತುತ್ತಿದೆ, ಆ ವಾಸನೆಯೂ ಅದರದ್ದೇ. ತೆಗೆದರೆ ಕಡಿಮೆಯಾಗಬಹುದು... ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ."

ಕ್ಯಾನ್ಸರ್ ಅಲ್ಲವಲ್ಲ ಎಂದು ಆಯೇಷಾ ಅತ್ತೇಬಿಟ್ಟಳು. ಹರ್ಷಿತಾಳಿಗೆ ಅಳುವೂ ಬರಲಿಲ್ಲ.

'ನನ್ನದೇ ಅಲ್ಲದ ಭಯವನ್ನು ನಂಬಿ ಅವನನ್ನು ಕಳಿಸಿಬಿಟ್ಟೆ! ಭಯ ನನ್ನದಲ್ಲ ಅಂದರೆ... ಪ್ರೀತಿ ಮಾತ್ರ ನನ್ನದು ಅಂತ ಹೇಗೆ ನಂಬಲಿ?'

ಆಪರೇಷನ್ನಿಗೆ ತಿರುವನಂತಪುರಕ್ಕೆ ಬರೆದುಕೊಟ್ಟರು. ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬೈಸ್ಟ್ಯಾಂಡರ್ ಅಂತ ಒಬ್ಬರು ಇರಲೇಬೇಕು. ಅವರ ಹೆಸರಿಲ್ಲದೆ ವಾರ್ಡಿಗೆ ಬಿಡುವುದಿಲ್ಲ. ಅಮ್ಮನ ರೈಲು ತಲುಪುವುದು ನಾಳೆ. ಆಯೇಷಾಳಿಗೆ ರಜೆ ಸಿಕ್ಕಿರಲಿಲ್ಲ.

"ಬೈಸ್ಟ್ಯಾಂಡರ್ ಎವಿಡೆ ಮೋಳೆ?" ಜೊತೆಗಿರುವವರು ಎಲ್ಲಿ ಮಗಳೇ ಎಂದು ನರ್ಸ್ ಮೂರನೇ ಸಲ ಕೇಳಿದಾಗ, ಆ ಊರಿನಲ್ಲಿ ಗೊತ್ತಿದ್ದ ಒಂದೇ ನಂಬರಿಗೆ ಹರ್ಷಿತಾ ಕರೆ ಮಾಡಿದಳು.

ಅರ್ಧ ಗಂಟೆಯಲ್ಲಿ ಧರಣೇಂದ್ರ ಬಂದ. ಪ್ಯಾಂಟಿನ ತುದಿಗೆ ಹೊಲದ ಕೆಸರು. ಅವಳ ಪಕ್ಕದ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಕೇಳಿದ.

"ಮೊದಲೇ ಹೇಳ್ಬಾರದಿತ್ತಾ?"

"ಯಾವ ಮುಖ ಇಟ್ಕೊಂಡು?"

"ಇದೇ ಮುಖ. ಚೆಂದವೇ ಉಂಟಲ್ಲ." ಅವನು ಪ್ಯಾಂಟಿನ ಕೆಸರನ್ನು ಉಗುರಿನಿಂದ ಕೆರೆದ. "ಅವತ್ತು ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕಿತ್ತು ಹರ್ಷಿ. ನಾನು ಸಿಟ್ಟು ಮಾಡಿಕೊಂಡು ಹೋದೆ."

ಅವಳು ಏನೋ ಹೇಳಹೊರಟಳು. ಅಷ್ಟರಲ್ಲೇ ಬಂತು... ಸೀದ ವಾಸನೆ, ಹೊಟ್ಟೆಯ ತಳಮಳ. ಅವಳ ಕಣ್ಣು ಅಗಲವಾದದ್ದು ನೋಡಿ ಅವನು ತಟ್ಟನೆ ಎದ್ದ.

"ನಾನು ಹೊರಗೆ ನಿಲ್ತೇನೆ..."

"ಹೋಗ್ಬೇಡ!" ಎರಡೂ ಕೈಗಳಿಂದ ಅವನ ಬಲಗೈ ಹಿಡಿದಳು. "ಹೆದರಿಕೆ ಆಗ್ತಾ ಉಂಟು ಧರಣಿ... ತುಂಬ... ಆದ್ರೂ ನೀನು ಬೇಕು!"

ಮೈಯೆಲ್ಲ ಓಡು ಓಡು ಎನ್ನುತ್ತಿತ್ತು. ಅವಳು ಓಡಲಿಲ್ಲ.

ಉಸಿರು ಮರಳಿದಾಗ ಪಿಸುಗುಟ್ಟಿದಳು. "ನಾಳೆ ಎಚ್ಚರ ಆದ ಮೇಲೆ ನಿನ್ನ ಮೇಲೆ ಏನೂ ಅನ್ನಿಸದಿದ್ರೆ? ಎಚ್ಚರವೇ ಆಗದಿದ್ರೆ?"

"ಗೊತ್ತಿಲ್ಲ ಹರ್ಷಿ. ನಾನಂತೂ ಇಲ್ಲೇ ಇರ್ತೇನೆ."

ನರ್ಸ್ ಫಾರಂ ತಂದಿಟ್ಟಳು. ಅದರಲ್ಲೊಂದು ಸಾಲು: ಬೈಸ್ಟ್ಯಾಂಡರ್ ರೋಗಿಗೆ ಏನಾಗಬೇಕು?

"ಎಂತ ಬರೀಲಿ?"

"ಮದುವೆ ಆಗುವವ ಅಂತ."

"ಹಾಗಾದ್ರೆ ಕೈ ಬಿಡು ಮಾರಾಯ್ತಿ, ಬರೀಬೇಕಲ್ಲ."

"ಬಿಡುದಿಲ್ಲ. ಎಡಗೈಯಲ್ಲಿ ಬರಿ."