ಜೋಡಿ ಸಿಕ್ಕವರ ಮಾತು

ಕಾಳಯ್ಯ ಎಂಬ ಹೆಸರು ಕೇಳಿದರೆ ಯಾರಾದರೂ ಮಫ್ಲರ್ ಸುತ್ತಿಕೊಂಡ, ಹಲ್ಲುದುರಿದ ತಾತನನ್ನೇ ತಾನೇ ಕಲ್ಪಿಸಿಕೊಳ್ಳುವುದು? ನಾನೂ ಹಾಗೇ ಮಾಡಿದೆ. ಊಟಿ ಪಕ್ಕದ ಕೆತ್ತಿ ಎಂಬ ಊರಿನ ಕ್ಯಾರೆಟ್ ತೊಳೆಯುವ ಶೆಡ್ಡಿನ ಬಾಗಿಲಲ್ಲಿ ಗಂಬೂಟು ತೊಟ್ಟು, ನೀರಿನ ಪೈಪು ಹಿಡಿದು ನಿಂತಿದ್ದ ಯುವಕನ ಹತ್ತಿರ ಹೋಗಿ, "ಸೂಪರ್‌ವೈಸರ್ ಕಾಳಯ್ಯನವರನ್ನ ಸ್ವಲ್ಪ ಕರೀತೀರಾ?" ಎಂದೆ.

ಅವನು ನನ್ನನ್ನು ನೋಡಿದ, ನನ್ನ ಫೈಲನ್ನು ನೋಡಿದ. ಪೈಪು ಕೆಳಗಿಟ್ಟು ಒಳಗೆ ಹೋದ. ಅರ್ಧ ನಿಮಿಷಕ್ಕೆ ಕೈ ಒರೆಸಿಕೊಳ್ಳುತ್ತಾ ಅದೇ ಬಾಗಿಲಿಂದ ಹೊರಗೆ ಬಂದ.

"ಕರೆದೆ. ಬಂದಿದ್ದಾರೆ. ಹೇಳಿ."

ಒಳಗೆ ಕ್ಯಾರೆಟ್ ಆರಿಸುತ್ತಿದ್ದ ಹನ್ನೆರಡು ಹೆಂಗಸರು ಒಟ್ಟಿಗೆ ನಕ್ಕರು. ನನ್ನ ಕಿವಿ ಬಿಸಿಯಾಯಿತು.

"ತಾತನ ಹೆಸರು," ಎಂದ ಅವನು. "ಅವರಿದ್ದಿದ್ರೆ ನಿಮಗೆ ಮೊದಲು ಟೀ ಕೊಡ್ತಿದ್ರು. ನಾನು ಮೊದಲು ಐಡಿ ಕೇಳ್ತೀನಿ."

ಕೇಳಿಯೇಬಿಟ್ಟ. ಕಾರ್ಡಿನ ಹಿಂದೆ ಮುಂದೆ ತಿರುಗಿಸಿ ಓದಿದ. ಶೋಭಾರಾಣಿ, ಊಟಿಯ ಒಂದು ಹೋಟೆಲಿನ ರಿಸೆಪ್ಷನಿಸ್ಟ್. ಮಂಗಳವಾರ ನನಗೆ ವಾರದ ರಜೆ. ಉಳಿದ ದಿನ ಕೆಲಸ, ಜೊತೆಗೆ ಅಂಚೆಯಲ್ಲಿ ಎಂಬಿಎ ಓದು. ನೌಕರರನ್ನು ಮುನ್ನಡೆಸುವುದು, ಹುರಿದುಂಬಿಸುವುದು ಎಂಬ ಪೇಪರಿಗೆ ಒಬ್ಬ ಸೂಪರ್‌ವೈಸರನ್ನು ಮೂರು ಸಲ ಭೇಟಿಯಾಗಿ, ಹನ್ನೆರಡು ಪ್ರಶ್ನೆ ಕೇಳಿ ರಿಪೋರ್ಟ್ ಬರೆಯಬೇಕಿತ್ತು. ಶೆಡ್ಡಿನ ಓನರ್ ಮಂಜುನಾಥ್ ನಮ್ಮಪ್ಪನಿಗೆ ಪರಿಚಯ, ಅನುಮತಿ ಕೊಟ್ಟರು. ಒಂದೇ ಷರತ್ತು, ರಿಪೋರ್ಟಿನ ಕಾಪಿ ಮೊದಲು ಅವರಿಗೆ ತೋರಿಸಬೇಕು.

ಅಷ್ಟು ಕೇಳಿದ್ದೇ ಕಾಳಯ್ಯನ ಕಣ್ಣು ಸಣ್ಣದಾಯಿತು. "ಅವರಿಗೆ ಕಾಪಿ ಯಾಕಂತೆ?"

"ಗೊತ್ತಿಲ್ಲ."

"ಗೊತ್ತಿಲ್ದೇ ಒಪ್ಕೊಂಡ್ರಾ? ಇಲ್ಲ ಗೊತ್ತಿದ್ದೂ ಹೇಳ್ತಿಲ್ವಾ?"

ಅನುಮಾನದಲ್ಲಿ ನನ್ನನ್ನು ಮೀರಿಸುವವರು ಸಿಕ್ಕಿದ್ದು ಅದೇ ಮೊದಲು. ನಮ್ಮಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿ ಮಾರ್ಕೆಟ್ಟಿನಲ್ಲಿ ಬೆಳ್ಳುಳ್ಳಿ ವ್ಯಾಪಾರ ಮಾಡಿದವರು. "ಮೂಟೆ ಬಾಯಲ್ಲಿರೋದನ್ನ ನೋಡ್ಬೇಡ ಮಗಳೇ, ತಳಕ್ಕೆ ಕೈ ಹಾಕು" ಎಂದು ಹೇಳಿಕೊಟ್ಟೇ ನನ್ನನ್ನು ಬೆಳೆಸಿದರು. ನನ್ನನ್ನು ನೋಡಲು ಬಂದ ಇಬ್ಬರು ವರಗಳನ್ನು ನಾನು ಹಾಗೆ ತಳಕ್ಕೆ ಕೈ ಹಾಕಿಯೇ ವಾಪಸು ಕಳಿಸಿದ್ದೆ. ಅಪ್ಪನಿಗೆ ಆಮೇಲೆ ತಮ್ಮ ಬುದ್ಧಿಮಾತಿನ ಬಗ್ಗೆ ಪಶ್ಚಾತ್ತಾಪವಾಗಿತ್ತು.

ಸಂದರ್ಶನ ಶುರುವಾಯಿತು. ಅವನು ಮೂಟೆಯ ಮೇಲೆ ಕೂತ, ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ.

"ಕೆಲಸಗಾರರನ್ನು ಹೇಗೆ ಹುರಿದುಂಬಿಸುತ್ತೀರಿ?"

"ಹತ್ತು ಗಂಟೆಗೆ ಟೀ ಕೊಡ್ತೀನಿ."

"ಮತ್ತೆ?"

"ಬನ್ನೂ ಕೊಡ್ತೀನಿ."

ಹೀಗೇ ಹನ್ನೊಂದು ಪ್ರಶ್ನೆ ಮುಗಿದವು.

"ಕೊನೇ ಪ್ರಶ್ನೆ. ನಿಮ್ಮನ್ನು ಹುರಿದುಂಬಿಸೋದು ಏನು?"

ಅವನು ಮೊದಲ ಸಲ ನನ್ನ ಮುಖ ನೇರವಾಗಿ ನೋಡಿದ. ಕಂದು ಕಣ್ಣು, ಎಡ ಹುಬ್ಬಿನ ಮೇಲೆ ಒಣಗಿದ ಕೆಸರಿನ ಒಂದು ಚುಕ್ಕೆ. ಅದನ್ನು ಒರೆಸಿಕೊಳ್ಳಿ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

"ಅದನ್ನ ಖಾಲಿ ಬಿಡಿ ಮೇಡಮ್," ಎಂದ.

ಅಷ್ಟರಲ್ಲಿ ಒಳಗಿಂದ ಕೂಗು ಕೇಳಿಸಿತು. "ಜೋಡಿ! ಅಣ್ಣಾ, ಜೋಡಿ!"

ಮಲರ್‌ಕೊಡಿ ಎಂಬ ಐವತ್ತರ ಹೆಂಗಸು, ಮುಡಿಯಲ್ಲಿ ಕನಕಾಂಬರ, ಒಂದಕ್ಕೊಂದು ಸುತ್ತಿಕೊಂಡು ಬೆಳೆದ ಎರಡು ಕ್ಯಾರೆಟ್ಟನ್ನು ಎತ್ತಿ ಹಿಡಿದಿದ್ದಳು. ಸೀಸನ್ನಿನಲ್ಲಿ ಲಾರಿ ಹೊರಡುವ ತನಕ ಯಾರೂ ಎದ್ದು ಹೋಗುವಂತಿಲ್ಲ, ಇದು ಓನರ್ ಮಾಡಿದ ನಿಯಮ. ಆದರೆ ಜೋಡಿ ಸಿಕ್ಕವರು ಶುಭ ತರುತ್ತಾರೆ, ಅವತ್ತು ಅವರು ಕೇಳಿದ ಒಂದು ಮಾತು ತಳ್ಳಬಾರದು, ಇದು ಓನರ್ ಅಪ್ಪನ ಕಾಲದ ಪದ್ಧತಿ. ಅಪ್ಪನ ಪದ್ಧತಿಯ ಮುಂದೆ ಮಗನ ನಿಯಮ ತಲೆಬಾಗುತ್ತಿತ್ತು. ಮಲರ್‌ಕೊಡಿ ಮಧ್ಯಾಹ್ನವೇ ಮನೆಗೆ ಹೋಗುತ್ತೇನೆ ಎಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಜೋಡಿ ಶೆಡ್ಡಿನ ಗೋಡೆಯ ಗಣಪತಿ ಪಟದ ಮುಂದೆ ಹೋಯಿತು, ಅವಳು ಬಸ್ ಹತ್ತಿದಳು.

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಇಲ್ಲೇನೋ ಇದೆ.

*

ಎರಡನೇ ಮಂಗಳವಾರ ಕಾಳಯ್ಯ ನನ್ನ ಪೆನ್ನು ಕಿತ್ತುಕೊಂಡ.

"ಬರೆದ್ರೆ ತಿಳಿಯಲ್ಲ. ಕೂತು ಆರಿಸಿ ನೋಡಿ," ಎಂದು ರಬ್ಬರ್ ಕೈಗವಸು ಚಾಚಿದ. ಅದು ನನ್ನ ಕೈಗೆ ಎರಡು ಸೈಜು ದೊಡ್ಡದು. ಅವನೇ ಬಾಗಿ ತೋಳಿನ ಹತ್ತಿರ ಎರಡು ಮಡಿಕೆ ಮಡಿಸಿದ. ಬೆರಳು ತಾಗದಂತೆ ಎಷ್ಟು ಜಾಗ್ರತೆಯಾಗಿ ಮಡಿಸಿದನೆಂದರೆ, ತಾಗಿದ್ದರೆ ಅಷ್ಟು ಗೊತ್ತಾಗುತ್ತಿರಲಿಲ್ಲ.

"ಓನರ್‌ಗೆ ಏನೇನು ಹೇಳಿದ್ರಿ?" ಮಡಿಸುತ್ತಲೇ ಮೆಲ್ಲಗೆ ಕೇಳಿದ.

"ನೀವು ಬನ್ನು ಕೊಡ್ತೀರಂತ ಹೇಳ್ದೆ."

ಅವನ ತುಟಿ ಅಲುಗಿತು. ನಗು ಹೊರಗೆ ಬರುವ ಮೊದಲೇ ಎದ್ದು ಮೆಷಿನ್ ಕಡೆ ಹೋಗಿಬಿಟ್ಟ. ಆ ದಿನ ನಾನು ತಲೆಯೆತ್ತಿದಾಗಲೆಲ್ಲ ಅವನು ನನ್ನನ್ನೇ ನೋಡುತ್ತಿದ್ದ. ಕಾವಲು ಕಾಯುತ್ತಿದ್ದಾನೆ ಎಂದುಕೊಂಡೆ. ಆದರೆ ಅದನ್ನು ಖಚಿತ ಮಾಡಿಕೊಳ್ಳಲು ನಾನು ಅಷ್ಟೊಂದು ಸಲ ತಲೆಯೆತ್ತಬೇಕಾಗಿತ್ತೇ ಎಂಬುದು ಬೇರೆ ವಿಷಯ.

ಮೆಷಿನ್ನಿನಿಂದ ಬರುವ ಕ್ಯಾರೆಟ್ಟೆಲ್ಲ ನೀರು ತೊಟ್ಟಿಕ್ಕುತ್ತಿರುತ್ತದೆ. ಮುರಿದದ್ದು ಒಂದು ಕಡೆ, ಸೀಳಿದ್ದು ಒಂದು ಕಡೆ, ನೆಟ್ಟಗಿರುವುದು ಮೂಟೆಗೆ. ಹನ್ನೊಂದರ ಹೊತ್ತಿಗೆ ಕಾಳಯ್ಯ ಮೇಜಿನ ಪಕ್ಕದಲ್ಲಿ ಹಾದುಹೋದ. ಅವನು ದಾಟಿದ ಎರಡೇ ನಿಮಿಷಕ್ಕೆ ನನ್ನ ಪಕ್ಕದಲ್ಲಿದ್ದ ವಳ್ಳಿ "ಜೋಡಿ!" ಎಂದಳು. ವಳ್ಳಿ ಇಪ್ಪತ್ತೈದರ ಚೆಲುವೆ, ಮಾತು ಕಡಿಮೆ. ನೋಡೋಣ ಎಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡೆ.

ಅದು ಒದ್ದೆಯಾಗಿರಲಿಲ್ಲ. ತುದಿ ಸ್ವಲ್ಪ ಬಾಡಿತ್ತು. ಎರಡು ಕ್ಯಾರೆಟ್ಟಿನ ನಡುವೆ ನೀಲಿ ಉಣ್ಣೆಯ ಒಂದು ಎಳೆ ಸಿಕ್ಕಿಕೊಂಡಿತ್ತು.

ತಿರುಗಿ ನೋಡಿದೆ. ಶೆಡ್ಡಿನಲ್ಲಿ ನೀಲಿ ಸ್ವೆಟರ್ ತೊಟ್ಟವನು ಒಬ್ಬನೇ. ನನ್ನ ನೋಟ ಕಂಡದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ಸ್ವೆಟರಿನ ಜೇಬಿಗೆ ಹೋಯಿತು.

ವಳ್ಳಿ ಮಧ್ಯಾಹ್ನ ಹೊರಟಳು. ಹೊರಡುವಾಗ ಅವಳು ಕಾಳಯ್ಯನ ಕಡೆ ನೋಡಿದ ನೋಟದಲ್ಲಿ ಏನೋ ಇತ್ತು. ಯಾರೋ ಸೂಪರ್‌ವೈಸರ್, ಯಾರೋ ಹುಡುಗಿ, ನನಗೇಕೆ ಉರಿ? ಎರಡೇ ದಿನದ ಪರಿಚಯಕ್ಕೆ ಹೊಟ್ಟೆಕಿಚ್ಚುಪಡುವಷ್ಟು ದಡ್ಡಿ ನಾನಲ್ಲ ಎಂದು ಬಸ್ ಸ್ಟಾಪಿನವರೆಗೂ ನನಗೆ ನಾನೇ ಹೇಳಿಕೊಂಡು ಹೋದೆ.

ಅವನು ಹಿಂದೆಯೇ ಬಂದ. ಪಕ್ಕದ ಅಂಗಡಿಯಿಂದ ಎರಡು ಗ್ಲಾಸ್ ಟೀ ತಂದು ಒಂದನ್ನು ನನ್ನ ಕೈಗೆ ಕೊಟ್ಟ.

"ವಳ್ಳಿ ನಿಮಗೆ ಏನಾಗ್ಬೇಕು?" ಎಂದೆ.

"ಇದು ಎಷ್ಟನೇ ಪ್ರಶ್ನೆ?"

"ಪಟ್ಟಿಯಲ್ಲಿಲ್ಲ."

ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟಿದ್ದ ನೀಲಿ ಎಳೆ ತೆಗೆದು ಅವನ ತೋಳಿನ ಪಕ್ಕದಲ್ಲಿ ಹಿಡಿದೆ. ಅವನು ಟೀ ಗುಟುಕರಿಸುವುದನ್ನು ನಿಲ್ಲಿಸಿದ. ಕಣಿವೆಯ ಕಡೆ ಮುಖ ತಿರುಗಿಸಿದ.

"ನಾಲ್ಕು ವರ್ಷದಿಂದ," ಎಂದ ಕೊನೆಗೆ. "ಮೆಷಿನ್ನಿಗೆ ಸುರಿಯೋವಾಗ ಜೋಡಿ ಕಂಡ್ರೆ ಎತ್ತಿ ತೊಳೆದಿಟ್ಕೋತೀನಿ. ಯಾರಿಗೆ ಬೇಕೋ ಅವರ ಮುಂದೆ ಹಾಕ್ತೀನಿ."

"ಅಂದ್ರೆ ಮೋಸ."

"ಮೋಸಾನೇ."

"ಸುಮ್ನೆ ರಜೆ ಕೊಡಬಹುದಲ್ವಾ?"

"ಓನರ್ ಬಿಡಲ್ಲ. ಬಿಟ್ರೂ ಇವರು ಬಂದು ಕೇಳ್ಬೇಕು. ಎಲ್ಲರ ಮುಂದೆ ಕಾರಣ ಹೇಳ್ಬೇಕು. ಅದೃಷ್ಟಕ್ಕಾದ್ರೆ ಕಾರಣ ಹೇಳ್ಬೇಕಾಗಿಲ್ಲ ನೋಡಿ." ಗ್ಲಾಸನ್ನು ಅಂಗೈಯಲ್ಲಿ ತಿರುಗಿಸಿದ. "ವಳ್ಳಿ ಗಂಡ ಮುರುಗನ್ ನಮ್ಮ ಲಾರೀನೇ ಓಡಿಸೋದು. ಎರಡು ಸಲ ಹೊಟ್ಟೇಲಿದ್ದದ್ದು ನಿಲ್ಲಲಿಲ್ಲ ಅವರಿಗೆ. ಈ ಸಲ ಯಾರಿಗೂ ಹೇಳಿಲ್ಲ. ಮೂಟೆಗೆ ಬಗ್ಗೋ ಮುಂಚೆ ಅವಳ ಕೈ ತಾನಾಗೇ ಹೊಟ್ಟೆಗೆ ಹೋಗತ್ತೆ. ಅದನ್ನ ನೋಡಿ ನಾನೇ ಅರ್ಥಮಾಡ್ಕೊಂಡೆ. ಇವತ್ತು ಕೂನೂರಿನಲ್ಲಿ ಸ್ಕ್ಯಾನಿಂಗು ಅಂತ ಮುರುಗನ್ ಫೋನಲ್ಲಿ ಮಾತಾಡ್ತಿದ್ದದ್ದು ಕಿವಿಗೆ ಬಿತ್ತು."

ನನಗೆ ನಾಚಿಕೆಯಾಯಿತು. ಆದರೆ ನಾನು ನಾನೇ ತಾನೆ, ನಾಚಿಕೆಯ ಹಿಂದೆಯೇ ಅನುಮಾನವೂ ಬಂತು. ಕಥೆ ಇಷ್ಟು ಚೆನ್ನಾಗಿದೆಯೆಂದರೆ ನನ್ನ ಬಾಯಿ ಮುಚ್ಚಿಸಲು ಕಟ್ಟಿದ್ದಿರಬಾರದೇಕೆ?

"ಇದು ರಿಪೋರ್ಟಿನಲ್ಲಿ ಬಂದ್ರೆ?" ಎಂದೆ.

"ಅವರಪ್ಪನ ಪದ್ಧತೀಲಿ ಕೈಯಾಡಿಸಿದ್ದೀನಿ ಅಂತ ನನ್ನನ್ನ ಅವತ್ತೇ ಕಳಿಸ್ತಾರೆ. ಪದ್ಧತೀನೂ ನಿಲ್ಸ್ತಾರೆ." ನನ್ನ ಬಸ್ಸು ತಿರುವಿನಲ್ಲಿ ಕಾಣಿಸಿತು. "ಬರೀಬೇಡಿ ಅಂತ ನಾನು ಕೇಳಲ್ಲ ಮೇಡಮ್. ನಿಮ್ಮನ್ನ ನಂಬಬೇಕೋ ಬೇಡವೋ ನನಗಿನ್ನೂ ಗೊತ್ತಿಲ್ಲ. ವಳ್ಳಿ ಹೆಸರು ಮಾತ್ರ ಬಿಟ್ಟುಬಿಡಿ."

ತನ್ನ ಹೆಸರು ಬಿಡಿ ಎನ್ನಲಿಲ್ಲ. ಬಸ್ಸಿನಲ್ಲಿ ಲವ್‌ಡೇಲ್ ದಾಟುವವರೆಗೂ ನನಗೆ ಅದೇ ಕೊರೆಯುತ್ತಿತ್ತು.

*

ಆ ವಾರ ನಾನು ಎರಡು ರಿಪೋರ್ಟ್ ಬರೆದೆ. ಒಂದರಲ್ಲಿ ನೀಲಿ ಎಳೆಯಿಂದ ಹಿಡಿದು ಎಲ್ಲವೂ ಇತ್ತು. ಅದಕ್ಕೆ ಒಳ್ಳೆಯ ಗ್ರೇಡ್ ಗ್ಯಾರಂಟಿ. ಇನ್ನೊಂದು ಸಪ್ಪೆ. ಎರಡನ್ನೂ ಒಂದೇ ಫೈಲಿನಲ್ಲಿಟ್ಟುಕೊಂಡು ಮೂರನೇ ಮಂಗಳವಾರ ಕೆತ್ತಿಯಲ್ಲಿ ಇಳಿದೆ.

ಓನರ್ ಮಂಜುನಾಥ್ ಆಗಲೇ ಬಂದು ಕೂತಿದ್ದರು. ಕಾಳಯ್ಯ ಮೆಷಿನ್ ಹತ್ತಿರ ನನಗೆ ಬೆನ್ನು ಮಾಡಿ ನಿಂತಿದ್ದ. ಅವನು ತಿರುಗಲೇ ಇಲ್ಲ.

"ತಂದ್ಯೇನಮ್ಮಾ? ಕೊಡು, ನೋಡೋಣ. ನಮ್ಮ ಹುಡುಗ ಏನು ಮಾಯ ಮಾಡ್ತಾನೋ ಗೊತ್ತಿಲ್ಲ. ಬೇರೆ ಶೆಡ್ಡಲ್ಲಿ ಜನ ನಿಲ್ಲಲ್ಲ, ಇಲ್ಲಿ ಬಿಟ್ಟು ಹೋಗಲ್ಲ. ಅದಕ್ಕೇ ಕಾಪಿ ಕೇಳಿದ್ದು."

ಫೈಲ್ ಬಿಚ್ಚಲು ಹೋದವಳು ಒಳಗೆ ನೋಡಿದೆ. ವಳ್ಳಿ ತುಂಬಿದ ಮೂಟೆಗೆ ಬಗ್ಗುತ್ತಿದ್ದಳು. ಬಗ್ಗುವ ಮೊದಲು ಅವಳ ಎಡಗೈ ಸದ್ದಿಲ್ಲದೆ ಹೊಟ್ಟೆಗೆ ಹೋಯಿತು, ಅವನು ಹೇಳಿದ ಹಾಗೇ. ಮರುಕ್ಷಣ ಮಲರ್‌ಕೊಡಿ ಬಂದು, ಮಾತಿಲ್ಲದೆ ಅವಳನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಮೂಟೆಯನ್ನು ತಾನೇ ಎಳೆದುಕೊಂಡು ಹೋದಳು.

ತಳಕ್ಕೆ ಕೈ ಹಾಕಿದ್ದಾಯಿತು. ತಳದಲ್ಲಿದ್ದದ್ದು ಬಾಯಲ್ಲಿದ್ದದ್ದಕ್ಕಿಂತ ಚೆನ್ನಾಗಿತ್ತು. ನಾನು ಸಪ್ಪೆ ರಿಪೋರ್ಟನ್ನೇ ಕೊಟ್ಟೆ.

ಮಂಜುನಾಥ್ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಮೆಷಿನ್ ಪಕ್ಕದ ನೀಲಿ ಸ್ವೆಟರ್ ಅಲುಗಲಿಲ್ಲ.

"ಜೋಡಿ ವಿಷಯ ಬರೆದಿದ್ದೀಯ," ಎಂದರು. ಹಾಳೆಯನ್ನು ಹತ್ತಿರಕ್ಕೆ ಹಿಡಿದು ಗಟ್ಟಿಯಾಗಿ ಓದತೊಡಗಿದರು. "ಹಿರಿಯರ ಪದ್ಧತಿಯನ್ನು ಸೂಪರ್‌ವೈಸರ್ ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದಾರೆ, ಕೆಲಸಗಾರರ ನಂಬಿಕೆಗೆ ಅದೇ ಕಾರಣ... ನಮ್ಮಪ್ಪನ ಹೆಸರೂ ಹಾಕಿದ್ದೀಯಲ್ಲಮ್ಮಾ!" ಅವರ ಕಣ್ಣು ಒದ್ದೆಯಾಗಿತ್ತು. "ಆದ್ರೆ ಹನ್ನೆರಡನೇದು ಖಾಲಿ ಇದೆ?"

"ಅವರು ಉತ್ತರ ಕೊಡಲಿಲ್ಲ ಸಾರ್."

"ಕೊಡೋ ಕಾಳಯ್ಯಾ, ಪಾಪ ಮಾರ್ಕ್ಸ್ ಹೋಗತ್ತೆ," ಎಂದು ಕಾಪಿ ಮಡಚಿ ಜೇಬಿಗಿಟ್ಟುಕೊಂಡು ಅವರು ಜೀಪು ಹತ್ತಿದರು.

ಕಾಳಯ್ಯ ಈಗ ತಿರುಗಿದ. ಅದೇ ದೊಡ್ಡ ಕೈಗವಸು ತಂದು, ಅದೇ ಎರಡು ಮಡಿಕೆ ಮಡಿಸಿದ. ಈ ಸಲ ಬೆರಳು ತಾಗಿತು. ಅವನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

"ಯಾಕೆ ಬರೀಲಿಲ್ಲ?" ಎಂದ.

"ನಿಮ್ಮನ್ನ ನಂಬಿದೆ. ನನಗೆ ಅದು ಅಭ್ಯಾಸವಿಲ್ಲ, ಸ್ವಲ್ಪ ಕಷ್ಟವಾಯ್ತು."

ಹೆಂಗಸರು ಸರಿದು ಜಾಗ ಕೊಟ್ಟರು. ನಾನು ಆರಿಸಲು ಕೂತು ಹತ್ತು ನಿಮಿಷವೂ ಆಗಿರಲಿಲ್ಲ, ನನ್ನ ಕೈಗೆ ಒಂದು ಜೋಡಿ ಸಿಕ್ಕಿತು. ಬಿಗಿಯಾಗಿ ಸುತ್ತಿಕೊಂಡ, ಬಿಡಿಸಲಾಗದ ಜೋಡಿ. ಮುಟ್ಟಿ ನೋಡಿದೆ. ಒಣಗಿತ್ತು.

ಎದ್ದು ನೇರವಾಗಿ ಅವನ ಹತ್ತಿರ ಹೋದೆ. ಸಿಟ್ಟೂ ಬಂದಿತ್ತು, ಒಳಗೊಳಗೇ ಖುಷಿಯೂ ಆಗಿತ್ತು. "ನನಗೂ ಈ ಆಟವಾ? ನಂಬಿದ್ದಕ್ಕೆ ಬಹುಮಾನ ಕೊಡ್ತಿದ್ದೀರಾ?"

"ನಾನು ಹಾಕಿಲ್ಲ."

"ಸುಳ್ಳು."

"ತಾತನಾಣೆ. ಈ ವಾರ ನನಗೊಂದೂ ಸಿಕ್ಕಿಲ್ಲ," ಎಂದು ಸ್ವೆಟರಿನ ಎರಡೂ ಜೇಬು ಒಳಗಿನದು ಹೊರಗೆ ಎಳೆದು ತೋರಿಸಿದ.

ಜೋಡಿಯನ್ನು ಬೆಳಕಿಗೆ ಹಿಡಿದೆ. ನೀಲಿ ಎಳೆ ಇರಲಿಲ್ಲ. ಎರಡು ಕ್ಯಾರೆಟ್ಟಿನ ಸಂದಿಯಲ್ಲಿ, ಅದೇ ಬಣ್ಣದಲ್ಲಿ ಬಣ್ಣವಾಗಿ, ಕನಕಾಂಬರದ ಒಂದು ಎಸಳು ಅಂಟಿತ್ತು.

ಇಬ್ಬರೂ ಒಟ್ಟಿಗೆ ತಿರುಗಿ ನೋಡಿದೆವು. ಕನಕಾಂಬರ ಮುಡಿದ ಮಲರ್‌ಕೊಡಿ, ವಳ್ಳಿ, ಉಳಿದ ಹತ್ತು ಮಂದಿ, ಎಲ್ಲರೂ ತಲೆ ತಗ್ಗಿಸಿ ಕ್ಯಾರೆಟ್ ಆರಿಸುತ್ತಿದ್ದರು. ಆ ಶೆಡ್ಡಿನಲ್ಲಿ ಅಷ್ಟು ಶ್ರದ್ಧೆಯಿಂದ ಕೆಲಸ ನಡೆದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಇವರಿಗೆ ಗೊತ್ತಿತ್ತು," ಎಂದ ಕಾಳಯ್ಯ. ಅವನ ದನಿ ಇಳಿದುಹೋಗಿತ್ತು. "ನಾಲ್ಕು ವರ್ಷದಿಂದಾನೂ ಗೊತ್ತಿತ್ತು."

"ಏನ್ ಕಣ್ಣು, ನಿಂತೇ ಇದ್ದೀಯ?" ಮಲರ್‌ಕೊಡಿ ತಲೆಯೆತ್ತದೆ, ತನ್ನ ತಮಿಳಿನ ಮುದ್ದುಮಾತಿನಲ್ಲಿ ನನಗೆ ಹೇಳಿದಳು. "ಜೋಡಿ ಸಿಕ್ತಲ್ಲ, ಮಾತು ಕೇಳು. ಅಣ್ಣ ಇಲ್ಲ ಅನ್ನೋಹಾಗಿಲ್ಲ."

ನಾನು ಅವನ ಕಡೆ ತಿರುಗಿದೆ. ಎಡ ಹುಬ್ಬಿನ ಮೇಲೆ ಇವತ್ತೂ ಕೆಸರಿತ್ತು. ಕೈಗವಸಿನ ಹೆಬ್ಬೆರಳಿನಿಂದ ಒರೆಸಲು ಹೋಗಿ ಇನ್ನಷ್ಟು ಹರಡಿದೆ.

"ಹನ್ನೆರಡನೇ ಪ್ರಶ್ನೆ," ಎಂದೆ. "ನಿಮ್ಮನ್ನ ಹುರಿದುಂಬಿಸೋದು ಏನು?"

ಅವನು ಹೆಂಗಸರನ್ನು ನೋಡಿದ, ನೆಲ ನೋಡಿದ, ಕೊನೆಗೆ ನನ್ನನ್ನು ನೋಡಿದ. "ಹೋದ ತಿಂಗಳು ಕೇಳಿದ್ರೆ ಬೇರೆ ಏನಾದ್ರೂ ಹೇಳ್ತಿದ್ದೆ. ಈಗ... ಮಂಗಳವಾರ."

"ಮಂಗಳವಾರ ಏನಿದೆ?"

"ನೀವು ಬರ್ತೀರಿ, ಶೋಭಾರಾಣಿ."

ಮೇಡಮ್ ಎನ್ನಲಿಲ್ಲ. ಅಜ್ಜಿ ಇಟ್ಟ ಆ ಹಳೇಕಾಲದ ಹೆಸರು ನನಗೆ ಇಷ್ಟವಾದದ್ದು ಅವತ್ತೇ. ಯಾರೋ ಮೆಷಿನ್ ನಿಲ್ಲಿಸಿದ್ದರು, ಹಾಗಾಗಿ ಅವನ ಮಾತು ಎಲ್ಲರಿಗೂ ಕೇಳಿಸಿತು.

"ಮೂರು ಭೇಟಿ ಇವತ್ತಿಗೆ ಮುಗೀತು," ಎಂದೆ.

"ಅದೇ ನನ್ನ ಭಯ."

"ಇಷ್ಟು ಬೇಗ ನಂಬೋಕಾಗಲ್ಲ. ತಳದವರೆಗೂ ನೋಡ್ಬೇಕು."

"ಎಷ್ಟು ಮಂಗಳವಾರ ಬೇಕು?"

"ಸುಮಾರು ಬೇಕಾಗತ್ತೆ."

ಮಲರ್‌ಕೊಡಿ ಮೆಷಿನ್ ಮತ್ತೆ ಚಾಲೂ ಮಾಡಿದಳು. ನಾನು ಜೋಡಿಯನ್ನು ಗಣಪತಿ ಪಟದ ಮುಂದಿಟ್ಟು, ಬಂದು ನನ್ನ ಜಾಗದಲ್ಲಿ ಕೂತೆ. ನಾನು ಹತ್ತಬೇಕಿದ್ದ ಒಂದೂವರೆಯ ಊಟಿ ಬಸ್ಸು ಹಾರನ್ ಹೊಡೆದು ಹೋಯಿತು. ನಾನು ಏಳಲಿಲ್ಲ. ಲಾರಿ ಹೊರಡುವ ತನಕ ಅಲ್ಲಿಂದ ಯಾರೂ ಎದ್ದು ಹೋಗುವಂತಿರಲಿಲ್ಲ.